ಕಾವಲಿ ಮೇಲೆ ಎಣ್ಣೆ ಬಿಡದ ಬೂತಾಯಿ

ಪ್ರಶ್ನೆ: ದೀಪಾವಳಿ ಹೊತ್ತಿಗೆ ತಂದ ಬೂತಾಯಿ ಕಾವಲಿಗೆ ಹಾಕಿದರೆ ತಾನೇ ಎಣ್ಣೆ ಬಿಡುತ್ತೆ. ಅದೇ ಮೀನು ಜೂನ್, ಜುಲೈನಲ್ಲಿ ಒಣಕಲು, ರುಚಿಯೂ ಇಲ್ಲ. ನಮ್ಮ ತೀರ್ಥಹಳ್ಳಿಗೆ ಘಟ್ಟ ಹತ್ತಿ ಬರುವಷ್ಟರಲ್ಲಿ ಹಳತಾಗಿರುತ್ತಾ ಸರ್, ಇಲ್ಲ ಬೇರೆ ಜಾತಿ ಕೊಡ್ತಾರಾ?

ಉತ್ತರ: ಮೀನು ಅದೇ. ಕುಂದಾಪುರದವರು ಬೈಗೆ, ಕಾರವಾರದವರು ತಾರ್ಲೆ ಅನ್ನುವುದೂ ಇದನ್ನೇ. ಮಳೆಗಾಲ ಅದಕ್ಕೆ ಮೊಟ್ಟೆಯಿಡುವ ಕಾಲ. ಮೈಯಲ್ಲಿ ಕೂಡಿಟ್ಟ ಕೊಬ್ಬೆಲ್ಲ ಅದಕ್ಕೇ ಖರ್ಚಾಗಿರುತ್ತದೆ.

ಹತ್ತುಮೀನು ಕಂಡ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಮೊದಲ ಮಳೆಗೆ ಹೊಳೆಯ ಮೀನು ಗದ್ದೆಯ ನೀರಿಗೆ ಹತ್ತಿ ಬರುವುದು ಮೊಟ್ಟೆಯಿಡಲು. ನಿಮ್ಮ ಗದ್ದೆಯಲ್ಲಿ ಅದು ನಡೆಯುವ ದಿನಗಳಲ್ಲೇ ಅರಬ್ಬೀ ಸಮುದ್ರದಲ್ಲಿ ಬೂತಾಯಿಯೂ ಅದೇ ಕೆಲಸದಲ್ಲಿರುತ್ತದೆ. ಆಗುಂಬೆಗೆ ಮಳೆ ತರುವ ಮುಂಗಾರೇ ಅದರ ಮರಿಗಳಿಗೂ ಊಟ ಬಡಿಸುತ್ತದೆ.

ಹೇಗೆಂದರೆ, ಮುಂಗಾರಿನ ಗಾಳಿಯೂ ಭೂಮಿಯ ತಿರುಗಾಟವೂ ಸೇರಿ ಕರಾವಳಿಯ ಮೇಲ್ನೀರನ್ನು ಆಚೆಗೆ ಸರಿಸುತ್ತವೆ. ತೆರವಾದ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೇರುತ್ತದೆ. ತಳದ ಆ ನೀರಿನಲ್ಲಿ ಸಾರ ಹೆಚ್ಚು, ನಮ್ಮ ತೋಟಕ್ಕೆ ಗೊಬ್ಬರ ಹಾಕಿದ ಹಾಗೆ. ಗಾಜಿನಂಥ ಚಿಪ್ಪಿನ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಅಲ್ಲಿ ಯಥೇಚ್ಛ ಬೆಳೆಯುತ್ತದೆ. ಬೂತಾಯಿಯ ಕಿವಿರಿನೊಳಗೆ ಬಾಚಣಿಗೆಯಂತೆ ಒತ್ತೊತ್ತಾದ ಎಳೆಗಳಿವೆ. ಬಾಯಿ ತೆರೆದು ಈಜುತ್ತ ಅದು ಈ ಪಾಚಿಯನ್ನು ಸೋಸಿ ತಿನ್ನುತ್ತದೆ. ತಿಂದದ್ದು ಕೊಬ್ಬಾಗಿ ಮೈಗೆ ಹತ್ತುವುದು ಮಳೆ ಇಳಿದ ಮೇಲೆ, ಅಕ್ಟೋಬರ್‌ನಿಂದ. ದೀಪಾವಳಿಯ ಕಾವಲಿಯಲ್ಲಿ ನೀವು ಕಂಡ ಎಣ್ಣೆ ಅದೇ.

ಗಾಳಿ, ನೀರಿನ ಈ ಲೆಕ್ಕ ತಪ್ಪಿದ ವರ್ಷ ಮರಿಗಳು ಉಳಿಯುವುದಿಲ್ಲ. ಎರಡೂವರೆ ವರ್ಷದಷ್ಟೇ ಬದುಕುವ ಮೀನಾದ್ದರಿಂದ ಪೆಟ್ಟು ಕೂಡಲೇ ಕಾಣುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕ ಬೂತಾಯಿ 2021ರಲ್ಲಿ 3,300 ಟನ್ನಿನ ಆಸುಪಾಸಿಗೆ ಇಳಿದಿತ್ತು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದು ಮೊಟ್ಟೆಯಿಡುವ ಮೀನಿಗೆ ಬಿಡುವು ಸಿಗಲೆಂದೇ. ಆದರೂ ಬೆರಳುದ್ದದ ಮರಿಗಳು ಬುಟ್ಟಿಯಲ್ಲಿ ಬಂದಾಗ ನನಗೆ ಸಂಕಟವಾಗುತ್ತದೆ. ಬೂತಾಯಿ ಮೊದಲ ಸಲ ಮೊಟ್ಟೆಯಿಡುವುದು ವರ್ಷ ತುಂಬಿ, ಹದಿನೈದು ಸೆಂಟಿಮೀಟರ್ ಹತ್ತಿರ ಬೆಳೆದ ಮೇಲೆ. ಮರಿಗಳನ್ನು ದಯವಿಟ್ಟು ಕೊಳ್ಳಬೇಡಿ. ಕೊಳ್ಳುವವರಿಲ್ಲದಿದ್ದರೆ ಅದು ಘಟ್ಟ ಹತ್ತುವುದೇ ಇಲ್ಲ.

ಹಳತೋ ಅಲ್ಲವೋ ಎಂಬುದಕ್ಕೆ ಎಣ್ಣೆಯನ್ನು ನೋಡಬೇಡಿ. ನಿಜಕ್ಕೂ ಬೇಗ ಕೆಡುವುದು ಕೊಬ್ಬಿದ ಬೂತಾಯಿಯೇ. ಆ ಎಣ್ಣೆ ಗಾಳಿ ತಾಗಿ ಬಲುಬೇಗ ಕಮಟುತ್ತದೆ. ಹಾಗಾಗಿ ಐಸ್ ಸಾಕಷ್ಟಿದೆಯೇ ಎಂದು ಹೆಚ್ಚು ನೋಡಬೇಕಾದದ್ದು ನವೆಂಬರ್‌ನಲ್ಲಿ. ಕಿವಿರು ಕೆಂಪಗಿರಲಿ, ಕಣ್ಣು ಗುಳಿಬಿದ್ದಿರದಿರಲಿ, ಒತ್ತಿದ ಬೆರಳಿನ ಗುರುತು ಉಳಿಯದಿರಲಿ. ಜುಲೈನ ಬಡಕಲು ಮೀನು ಹುರಿಯಲು ಒಗ್ಗದು. ವಾಟೆಹುಳಿ ಹಾಕಿ ಸಾರು ಮಾಡಿ, ಬಿಸಿ ಕಡುಬಿನ ಜೊತೆ ಚೆನ್ನಾಗಿರುತ್ತದೆ.