ಮುಳಬಾಗಿಲಿನ ಬೋರು, ಅಂಟಾರ್ಕ್ಟಿಕದ ಹಿಮ

ಕಳೆದ ಬೇಸಿಗೆಯಲ್ಲಿ ಮುಳಬಾಗಿಲು ತಾಲ್ಲೂಕಿನ ಹೊಲವೊಂದರಲ್ಲಿ ರಾತ್ರಿಯಿಡೀ ಬೋರ್ ಗಾಡಿಯ ಪಕ್ಕ ನಿಂತಿದ್ದೆ. ಪಾಯಿಂಟ್ ಗುರುತಿಸಿಕೊಟ್ಟವನು ನಾನೇ ಆದ್ದರಿಂದ ನೀರು ಬರುವತನಕ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. 1,100 ಅಡಿ ದಾಟಿದರೂ ಮೇಲೆ ಹಾರುತ್ತಿದ್ದುದು ಬಿಳಿ ಧೂಳು ಮಾತ್ರ. ಟೊಮೆಟೊ ನಾಟಿಗೆಂದು ಸಾಲ ಮಾಡಿದ್ದ ರೈತ ಬಹಳ ಹೊತ್ತು ಸುಮ್ಮನೆ ಕುಳಿತಿದ್ದವರು ಕೇಳಿದರು: ‘ಸಾರ್, ನೀವು ಅಂಟಾರ್ಕ್ಟಿಕಕ್ಕೆ ಹೋಗಿ ಬಂದವರಂತೆ. ಅಲ್ಲಿ ಹಿಮ ಕರಗಿದರೆ ನಮಗೇನು? ಸಮುದ್ರ ಇಲ್ಲಿಯವರೆಗೆ ಬರುತ್ತದೆಯೇ?’

ಬರುವುದಿಲ್ಲ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಅಂಟಾರ್ಕ್ಟಿಕದ ಹಿಮವೆಲ್ಲ ಕರಗಿದರೂ ಸಮುದ್ರ ಏರುವುದು ಸುಮಾರು 58 ಮೀಟರ್, ಅದಕ್ಕೂ ಸಾವಿರಾರು ವರ್ಷ ಬೇಕು. ಇಷ್ಟು ಹೇಳಿ ಮಾತು ಮುಗಿಸಬಹುದಿತ್ತು. ಆದರೆ ಅವರ ಪ್ರಶ್ನೆ ನನ್ನದೂ ಆಗಿದ್ದ ಕಾಲವೊಂದಿತ್ತು.

ಎರಡು ದಶಕಗಳ ಹಿಂದೆ ಭೂವಿಜ್ಞಾನಿಯಾಗಿ ಒಂದು ಬೇಸಿಗೆಯನ್ನು ನಮ್ಮ ದೇಶದ ಮೈತ್ರಿ ಕೇಂದ್ರದಲ್ಲಿ ಕಳೆದೆ. ಭಾರತದ ಮೊದಲ ತಂಡ ಅಂಟಾರ್ಕ್ಟಿಕದಲ್ಲಿ ಇಳಿದದ್ದು 1982ರ ಜನವರಿಯಲ್ಲಿ. ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿ ಹಿಮದಲ್ಲಿ ಹೂತುಹೋದ ಮೇಲೆ ಬಂಡೆ ನೆಲದ ಮೇಲೆ ಮೈತ್ರಿಯನ್ನು ಕಟ್ಟಿದರು. ಅದರ ಎದುರಿಗೇ ಒಂದು ಕೆರೆ, ಹೆಸರು ಪ್ರಿಯದರ್ಶಿನಿ. ಕೇಂದ್ರಕ್ಕೆ ನೀರು ಬರುವುದು ಅಲ್ಲಿಂದಲೇ. ಕೆರೆಗಳ ಜಿಲ್ಲೆಯಲ್ಲಿ ಹುಟ್ಟಿ, ಅವು ಒಂದೊಂದಾಗಿ ಬತ್ತುವುದನ್ನು ನೋಡುತ್ತ ಬೆಳೆದ ನನಗೆ ಆ ನೀರಿನ ಮುಂದೆ ನಿಂತಾಗ ಗಂಟಲು ಕಟ್ಟಿತ್ತು.

ಅಲ್ಲಿ ಹಿಮ ಕೊರೆಯುವುದನ್ನು ಹತ್ತಿರದಿಂದ ನೋಡಿದೆ. ನಮ್ಮ ಬೋರ್ ಗಾಡಿ ಬಂಡೆಯನ್ನು ಪುಡಿಮಾಡಿ ಗಾಳಿಯ ಒತ್ತಡದಿಂದ ಹೊರಗೆ ಎಸೆಯುತ್ತದೆ. ನಮಗೆ ಬೇಕಾದದ್ದು ತೂತು. ಹಿಮ ಕೊರೆಯುವವರಿಗೆ ತೂತು ಮುಖ್ಯವಲ್ಲ, ಒಳಗಿನ ತಿರುಳು ಬೇಕು. ಟೊಳ್ಳು ಕೊಳವೆ ಸುತ್ತುತ್ತ ಇಳಿದು ದುಂಡನೆಯ ಹಿಮದ ಕಂಬವನ್ನು ತುಂಡು ತುಂಡಾಗಿ ಎತ್ತಿ ತರುತ್ತದೆ. ಆಳಕ್ಕೆ ಹೋದಂತೆ ಸುತ್ತಲಿನ ಹಿಮ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಹರಿದು ತೂತನ್ನು ಮುಚ್ಚಲು ನೋಡುತ್ತದೆ. ಆದ್ದರಿಂದ ಅದರೊಳಗೆ ಹೆಪ್ಪುಗಟ್ಟದ ದ್ರವವನ್ನು ತುಂಬಿಡಬೇಕು.

ಆ ಕಂಬದಲ್ಲಿರುವುದು ವರ್ಷ ವರ್ಷವೂ ಬಿದ್ದ ಹಿಮದ ಪದರಗಳು. ಮೇಲಿನ ಹಿಮದ ಒತ್ತಡಕ್ಕೆ ಕೆಳಗಿನದು ಗಟ್ಟಿಯಾಗುವಾಗ ಆ ಕಾಲದ ಗಾಳಿಯೂ ಗುಳ್ಳೆಗಳಾಗಿ ಸೆರೆಯಾಗುತ್ತದೆ. ಡೋಮ್ ಸಿ ಎಂಬಲ್ಲಿ ಯುರೋಪಿನ ವಿಜ್ಞಾನಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳ ಕೊರೆದರು. 2001ರಲ್ಲಿ ಮುಚ್ಚಿದ ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯೂ ಹೆಚ್ಚುಕಡಿಮೆ ಅಷ್ಟೇ ಆಳ. ಇಲ್ಲಿ ಆ ಆಳದಿಂದ ಚಿನ್ನದ ಅದಿರು ಬಂತು, ಅಲ್ಲಿಂದ 8 ಲಕ್ಷ ವರ್ಷಗಳ ಗಾಳಿ. ಆ ದೀರ್ಘ ಕಾಲದುದ್ದಕ್ಕೂ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ 300ರ ಗಡಿಯನ್ನು ದಾಟಿರಲಿಲ್ಲ. ಈಗ 420ಕ್ಕೂ ಹೆಚ್ಚಿದೆ. 2025ರ ಜನವರಿಯಲ್ಲಿ, ಅಲ್ಲಿಗೆ ಸಮೀಪದ ಇನ್ನೊಂದು ಕೊರೆತ 2,800 ಮೀಟರ್ ಇಳಿದು ತಳದ ಬಂಡೆ ಮುಟ್ಟಿತು. 12 ಲಕ್ಷ ವರ್ಷಗಳಷ್ಟು ಹಿಂದಿನ ಹಿಮ ಕೈಸೇರಿದೆ.

ಗಾಡಿಯವರು ಇನ್ನೊಂದು ರಾಡ್ ಜೋಡಿಸುತ್ತಿದ್ದರು. ‘ಸರಿ, ಆದರೂ ನಮಗೇನು?’ ಎಂದರು ರೈತ.

ಅಂಟಾರ್ಕ್ಟಿಕದ ಪಶ್ಚಿಮದಲ್ಲಿ ಥ್ವೈಟ್ಸ್ ಎಂಬ ಹಿಮನದಿಯಿದೆ. ವಿಸ್ತೀರ್ಣ ಸುಮಾರು 1.92 ಲಕ್ಷ ಚದರ ಕಿಲೋಮೀಟರ್, ಅಂದರೆ ಬೀದರ್‌ನಿಂದ ಚಾಮರಾಜನಗರದವರೆಗಿನ ನಮ್ಮ ಕರ್ನಾಟಕದಷ್ಟೇ. ಅದು ಕೂತಿರುವ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದ್ದು, ಒಳನಾಡಿನ ಕಡೆಗೆ ಇನ್ನೂ ಇಳಿಜಾರಾಗಿದೆ. ತುಸು ಬೆಚ್ಚಗಿನ ಕಡಲ ನೀರು ಬುಡಕ್ಕೆ ನುಗ್ಗಿ ತಳದಿಂದ ಕರಗಿಸುತ್ತಿದೆ. ಅದೊಂದೇ ಪೂರ್ತಿ ಕರಗಿದರೆ ಸಮುದ್ರ 65 ಸೆಂಟಿಮೀಟರಿನಷ್ಟು ಏರುತ್ತದೆ. ನಮ್ಮ ಪಾಲಾರ್ ಹೋಗಿ ಸೇರುವ ತಮಿಳುನಾಡಿನ ಕರಾವಳಿಗೆ, ಮಂಗಳೂರು ಕಾರವಾರಗಳಿಗೆ ಅದು ಸಣ್ಣ ಮಾತಲ್ಲ.

ಭೂಮಿಯಲ್ಲಿ ಹೆಚ್ಚಾದ ಶಾಖದ ನೂರಕ್ಕೆ 90 ಪಾಲನ್ನು ನುಂಗಿದ್ದು ಸಾಗರಗಳು. ನಮ್ಮ ಹಿಂಗಾರು ಬರುವುದು ಬಂಗಾಳ ಕೊಲ್ಲಿಯಿಂದ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ತೇವ ಹೊರಬಲ್ಲದು. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಕೋಡಿ ಹರಿದು ನಿಂತ ರಾಗಿ ನೀರುಪಾಲಾದದ್ದು ಎಲ್ಲರಿಗೂ ನೆನಪಿದೆ. ಆ ಒಂದು ಮಳೆಯನ್ನು ಹವಾಮಾನ ಬದಲಾವಣೆಯ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ಅಂಥ ಮಳೆ ಇನ್ನೂ ರಭಸವಾಗಲು ಬೇಕಾದ ತೇವ ಗಾಳಿಯಲ್ಲಿ ಹೆಚ್ಚುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ.

ಆ ರಾತ್ರಿ ನಾನು ಮುಖ್ಯವಾಗಿ ಹೇಳಬೇಕೆಂದಿದ್ದುದು ಬೇರೆ. 2002ರಲ್ಲಿ ಗ್ರೇಸ್ ಎಂಬ ಜೋಡಿ ಉಪಗ್ರಹಗಳನ್ನು ಹಾರಿಸಿದರು. ಒಂದರ ಹಿಂದೆ ಒಂದು, ಸುಮಾರು 220 ಕಿಲೋಮೀಟರ್ ಅಂತರ. ಕೆಳಗೆ ಭಾರ ಹೆಚ್ಚಿದ್ದ ಕಡೆ ಮುಂದಿನದು ಮೊದಲು ಸೆಳೆತಕ್ಕೆ ಸಿಕ್ಕಿ ತುಸು ದೂರ ಸರಿಯುತ್ತದೆ. ಆ ಅಂತರವನ್ನು ಕೂದಲೆಳೆಗಿಂತ ಸೂಕ್ಷ್ಮವಾಗಿ ಅಳೆದು ಹಿಮವನ್ನು ತೂಗುತ್ತಾರೆ. ಅಂಟಾರ್ಕ್ಟಿಕ ವರ್ಷಕ್ಕೆ ಸರಾಸರಿ ಸುಮಾರು 150 ಶತಕೋಟಿ ಟನ್ ಹಿಮ ಕಳೆದುಕೊಳ್ಳುತ್ತಿದೆ ಎಂದು ತಿಳಿದದ್ದು ಹೀಗೆ. ಅದೇ ತಕ್ಕಡಿ ನಮ್ಮ ಕಾಲಕೆಳಗಿನ ನೀರನ್ನೂ ತೂಗಿತು. ಪಂಜಾಬ್, ಹರಿಯಾಣ, ರಾಜಸ್ಥಾನದ ಭಾಗದಲ್ಲಿ 2002ರಿಂದ 2008ರವರೆಗೆ 109 ಘನ ಕಿಲೋಮೀಟರ್ ಅಂತರ್ಜಲ ಬರಿದಾಯಿತೆಂದು 2009ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು.

ಮೇಲೆತ್ತಿದ ನೀರು ಆವಿಯಾಗಿ, ಮಳೆಯಾಗಿ, ಹರಿದು, ಕೊನೆಗೆ ಬಹುಪಾಲು ಸಮುದ್ರ ಸೇರುತ್ತದೆ. 1993ರಿಂದ 2010ರವರೆಗೆ ಜಗತ್ತಿನಲ್ಲಿ ಹೀಗೆ ಬರಿದಾದ ಅಂತರ್ಜಲ ಅಂದಾಜು 2,150 ಶತಕೋಟಿ ಟನ್. ಭಾರ ಜಾಗ ಬದಲಿಸಿದ್ದರಿಂದ ಭೂಮಿ ತಿರುಗುವ ಅಕ್ಷದ ಧ್ರುವವೇ ಸುಮಾರು 80 ಸೆಂಟಿಮೀಟರ್ ಪೂರ್ವಕ್ಕೆ ವಾಲಿತೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಧ್ರುವ ನಮಗೇನು ಮಾಡುತ್ತದೆ ಎಂದು ಕೇಳುತ್ತಲೇ ನಾವು ಪಂಪು ಹಾಕಿ ಧ್ರುವವನ್ನೇ ಸರಿಸಿದ್ದೇವೆ.

‘ನಮ್ಮ ಬೋರಿನ ನೀರೂ ಆ ಲೆಕ್ಕದಲ್ಲಿದೆಯೇ?’

ದೊಡ್ಡ ಪಾಲು ವಾಯವ್ಯ ಭಾರತದ್ದು, ಅಮೆರಿಕದ ಪಶ್ಚಿಮ ಭಾಗದ್ದು ಎಂದೆ. ನಮ್ಮದೂ ಇದೆ.

ಬೆಳಗಿನ ಜಾವ 1,280 ಅಡಿಯಲ್ಲಿ ಧೂಳು ಕೆಸರಾಯಿತು. ಒಂದೂವರೆ ಇಂಚು ನೀರು. ಬೊಗಸೆಯಲ್ಲಿ ಹಿಡಿದು ಕುಡಿದವರು, ಇದು ಎಷ್ಟು ಹಳೆಯ ನೀರು ಎಂದು ಕೇಳಿದರು. ಬಂಡೆಯ ಬಿರುಕಿನಲ್ಲಿ ಇಷ್ಟು ಆಳಕ್ಕೆ ಇಳಿಯಬೇಕಾದರೆ ಅದು ಹೋದ ವರ್ಷದ ಮಳೆಯಾಗಿರಲಾರದು ಎಂದೆ. ಅವರು ಹೊಲದ ಮೂಲೆಯಲ್ಲಿದ್ದ ಹಳೆಯ, ಬತ್ತಿದ ಬೋರಿನ ಕಡೆ ಟಾರ್ಚ್ ಬಿಟ್ಟು, ಅದರ ಸುತ್ತ ಇಂಗುಗುಂಡಿ ತೋಡಿಸಲು ಎಷ್ಟು ಅಗಲ ಬೇಕೆಂದು ಕೇಳಿದರು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಆಳ ಎಂದೆ. ಇಬ್ಬರೂ ಹೆಜ್ಜೆಯಲ್ಲಿ ಅಳೆದು ನಾಲ್ಕು ಮೂಲೆಗೆ ಕಲ್ಲಿಟ್ಟೆವು.