ಎಡಗಡೆಯಿಂದ ನಾಲ್ಕನೇ ಮುಖ

ಮಂಡ್ಯದಲ್ಲಿ ಯಾವ ಸರ್ಕಲ್ಲಿಗೆ ಹೋದರೂ ಒಂದು ಫ್ಲೆಕ್ಸ್ ಇರುತ್ತದೆ. ನಡುವೆ ಆಳೆತ್ತರದ ಒಬ್ಬ ‘ಅಣ್ಣ’. ಕಪ್ಪು ಕನ್ನಡಕ, ಬಿಳಿ ಶರ್ಟು, ಮುಗಿದ ಕೈ. ತಲೆಯ ಮೇಲೆ ದಪ್ಪಕ್ಷರದಲ್ಲಿ ಹುಟ್ಟುಹಬ್ಬದ ಶುಭಾಶಯ. ಕೆಳಗಡೆ ಪಾಸ್‌ಪೋರ್ಟ್ ಸೈಜಿನ ಹತ್ತಿಪ್ಪತ್ತು ಮುಖಗಳ ಸಾಲು, ‘ಶುಭ ಕೋರುವವರು’. ನಾವು ದೊಡ್ಡವರು ಆ ಸಾಲನ್ನು ಓದುವುದೇ ಇಲ್ಲ.

ನನಗೆ ಅದನ್ನು ಓದಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿತ್ತು. ಮತ್ತೆ ಪರೀಕ್ಷೆ ಕಟ್ಟಿರಲಿಲ್ಲ. ಎರಡು ವರ್ಷ ಕಣ್ಣಿಗೇ ಬಿದ್ದಿರಲಿಲ್ಲ. ಒಂದು ಸಂಜೆ ಟೀ ಅಂಗಡಿ ಮುಂದೆ ಸಿಕ್ಕ. “ಏನಪ್ಪಾ, ಏನ್ ಮಾಡ್ತಿದ್ದೀಯ ಈಗ?” ಎಂದೆ. ಉತ್ತರ ಹೇಳದೆ ರಸ್ತೆಯಾಚೆಗಿನ ಫ್ಲೆಕ್ಸಿಗೆ ಕೈ ತೋರಿಸಿದ. “ಅಲ್ ನೋಡಿ ಸಾ, ನಾನೂ ಇವ್ನಿ. ಕೆಳಗಡೆ. ಎಡಗಡೆಯಿಂದ ನಾಲ್ಕನೆಯವ.”

ಆ ಅಣ್ಣನ ಮೇಲೆ ಹೊಡೆದಾಟದ ಕೇಸುಗಳಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಹುಡುಗನಿಗೂ ಗೊತ್ತಿತ್ತು. ಆದರೆ ಆ ಹೊತ್ತು ಅವನ ಮುಖದಲ್ಲಿ ಇದ್ದದ್ದು ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗನ ಖುಷಿ. ಆ ಖುಷಿಯನ್ನು ನಮ್ಮ ಶಾಲೆಯಲ್ಲಿ ಹತ್ತು ವರ್ಷದಲ್ಲಿ ಒಂದು ಸಲವೂ ನಾವು ಅವನಿಗೆ ಕೊಟ್ಟಿರಲಿಲ್ಲ. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಗ್ಯಾಂಗ್ ಎಂದ ಕೂಡಲೇ ನಮಗೆ ಮಚ್ಚು, ಲಾಂಗು ನೆನಪಾಗುತ್ತದೆ. ಹುಡುಗ ಸೇರುವ ದಿನ ಅವು ಯಾವುವೂ ಅಲ್ಲಿರುವುದಿಲ್ಲ. ಅಮೆರಿಕದ ಶಿಕಾಗೋದಲ್ಲಿ ಫ್ರೆಡರಿಕ್ ಥ್ರಾಷರ್ ಎಂಬ ಸಮಾಜಶಾಸ್ತ್ರಜ್ಞರು ವರ್ಷಗಟ್ಟಲೆ ಬೀದಿಬೀದಿ ಸುತ್ತಿ 1,313 ಗ್ಯಾಂಗುಗಳ ವಿವರ ಕಲೆಹಾಕಿದರು. ಅದು ಪ್ರಕಟವಾದದ್ದು 1927ರಲ್ಲಿ. ಗ್ಯಾಂಗು ಮೊದಲು ಶುರುವಾಗುವುದು ಬರೀ ಆಟದ ಗುಂಪಾಗಿ ಎಂಬುದು ಅವರು ಕಂಡ ಸತ್ಯ. ಪಕ್ಕದ ಬೀದಿಯವರ ಜೊತೆ ಜಗಳ ಬಂದಾಗ, ದೊಡ್ಡವರು ಅಟ್ಟಿಸಿಕೊಂಡು ಬಂದಾಗ ಆ ಗುಂಪು ಬಿಗಿಯಾಗುತ್ತದೆ. ಸುಮಾರು ನೂರು ವರ್ಷದ ಹಿಂದಿನ ಮಾತು. ಇವತ್ತು ನಮ್ಮ ಗಲ್ಲಿ ಕ್ರಿಕೆಟ್ ಟೀಮು ಒಂದು ಜಗಳದ ನಂತರ ಹೇಗೆ ‘ಏರಿಯಾ ಹುಡುಗರು’ ಆಗಿಬಿಡುತ್ತದೆ ಎಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ಆ ವಯಸ್ಸಿನಲ್ಲೇ ಯಾಕೆ ಆಗುತ್ತದೆ? 2005ರಲ್ಲಿ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನೋವಿಜ್ಞಾನಿಗಳು ಒಂದು ಸರಳ ಪ್ರಯೋಗ ಮಾಡಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಂದಮೇಲೂ ಮುಂದೆ ಹೋಗಬಹುದು, ಆದರೆ ಗುದ್ದುವ ಅಪಾಯ ಇದೆ. 13ರಿಂದ 16ರ ಮಕ್ಕಳು, 20ರ ಆಸುಪಾಸಿನವರು, 24 ದಾಟಿದ ದೊಡ್ಡವರು, ಎಲ್ಲರೂ ಆಡಿದರು. ಒಬ್ಬೊಬ್ಬರೇ ಕೂತು ಆಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಕ್ಕದಲ್ಲಿ ಗೆಳೆಯರನ್ನು ಕೂರಿಸಿದಾಗ ಚಿತ್ರವೇ ಬದಲಾಯಿತು. ಹದಿಹರೆಯದವರು ಎರಡರಷ್ಟಕ್ಕೂ ಹೆಚ್ಚು ಸಲ ಅಪಾಯಕ್ಕೆ ಕೈ ಹಾಕಿದರು. ದೊಡ್ಡವರು ಗೆಳೆಯರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಆಮೇಲೆ ಸ್ಟೈನ್‌ಬರ್ಗ್ ತಂಡದವರು ಮಿದುಳಿನ ಸ್ಕ್ಯಾನ್ ಮಾಡುತ್ತಲೇ ಇಂಥದ್ದೇ ಆಟ ಆಡಿಸಿದರು. ಗೆಳೆಯರು ನೋಡುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ಹದಿಹರೆಯದವರಲ್ಲಿ ಖುಷಿ-ಬಹುಮಾನಕ್ಕೆ ಸ್ಪಂದಿಸುವ ಭಾಗ ಜಾಸ್ತಿ ಕೆಲಸ ಮಾಡಿತು. ಹಣೆಯ ಹಿಂದಿರುವ, ‘ತಾಳು, ಯೋಚನೆ ಮಾಡು’ ಎನ್ನುವ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹೊತ್ತಿಗೆ. ಬೈಕಿನ ಆಕ್ಸಿಲೇಟರು ಹದಿನೈದಕ್ಕೆ ಬರುತ್ತದೆ, ಬ್ರೇಕು ಇಪ್ಪತ್ತೈದಕ್ಕೆ ಎಂದು ನಾನು ಕ್ಲಾಸಿನಲ್ಲಿ ಹೇಳುತ್ತೇನೆ. ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ. ತಂದೆ-ತಾಯಿಗೆ ಹೇಳಿದರೆ, “ಹಂಗಾದ್ರೆ ಇಪ್ಪತ್ತೈದರ ತನಕ ಬ್ರೇಕ್ ಹಿಡಿಯೋರು ಯಾರು ಮೇಷ್ಟ್ರೇ?” ಎಂದು ಕೇಳುತ್ತಾರೆ. ಸರಿಯಾದ ಪ್ರಶ್ನೆ.

ಮಿದುಳಿನ ಮಾತು ಅರ್ಧ ಕಥೆ ಅಷ್ಟೇ. ಎಲ್ಲ ಹುಡುಗರಿಗೂ ಅದೇ ಮಿದುಳು, ಎಲ್ಲರೂ ಗ್ಯಾಂಗಿಗೆ ಹೋಗುವುದಿಲ್ಲ. ಇನ್ನರ್ಧ ಇರುವುದು ಹೊರಗೆ ನಿಲ್ಲಿಸಿಕೊಂಡ ನೋವಿನಲ್ಲಿ. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಜನರನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಚೆಂಡಾಟ ಆಡಿಸಿದರು. ತೆರೆಯ ಮೇಲೆ ಮೂವರು ಚೆಂಡು ಎಸೆದಾಡುತ್ತಾರೆ, ಅವರಲ್ಲಿ ಒಬ್ಬ ಸ್ಕ್ಯಾನರಿನಲ್ಲಿ ಮಲಗಿದವನು. ಸ್ವಲ್ಪ ಹೊತ್ತಾದ ಮೇಲೆ ಉಳಿದಿಬ್ಬರು ಇವನಿಗೆ ಎಸೆಯುವುದನ್ನೇ ನಿಲ್ಲಿಸುತ್ತಾರೆ. ಅಷ್ಟೇ ಆಟ. ಚೆಂಡು ಬರದಿದ್ದಾಗ ಮಿದುಳಿನಲ್ಲಿ ಚುರುಕಾದ ಭಾಗಗಳಲ್ಲಿ ಒಂದು, ಮೈಗೆ ನೋವಾದಾಗ ಬರುವ ಸಂಕಟದಲ್ಲೂ ಪಾತ್ರವಿರುವಂಥದ್ದು. ಪರಿಚಯವೇ ಇಲ್ಲದ ಇಬ್ಬರು ಚೆಂಡು ಕೊಡುತ್ತಿಲ್ಲ ಎಂದು ಕೆಲವು ನಿಮಿಷ ಅನ್ನಿಸಿದರೇ ಇಷ್ಟು. ಇನ್ನು ಹತ್ತು ವರ್ಷ ಹಿಂದಿನ ಬೆಂಚಿನಲ್ಲಿ ಕೂತು, ಒಂದು ಸಲವೂ ಹೆಸರು ಹಿಡಿದು ಕರೆಸಿಕೊಳ್ಳದ ಹುಡುಗನ ಪಾಡೇನು? ಅವನಿಗೆ ಸಂಜೆ ಒಬ್ಬ ಅಣ್ಣ ಸಿಗುತ್ತಾನೆ. “ಬಾ ಮಗಾ, ಊಟ ಆಯ್ತಾ?” ಎನ್ನುತ್ತಾನೆ. ಬೈಕಿಗೆ ನೂರು ರೂಪಾಯಿ ಪೆಟ್ರೋಲ್ ಹಾಕಿಸುತ್ತಾನೆ. ಮೊಬೈಲಿಗೆ ರೀಚಾರ್ಜ್ ಮಾಡಿಸುತ್ತಾನೆ. ಫ್ಲೆಕ್ಸಿನಲ್ಲಿ ಫೋಟೋ ಹಾಕಿಸುತ್ತಾನೆ.

ಆಮೇಲೆ ಒಂದು ದಿನ ಒಂದು ಚಿಕ್ಕ ಕೆಲಸ ಹೇಳುತ್ತಾನೆ. “ಏನೂ ಮಾಡೋದ್ ಬ್ಯಾಡ. ಸುಮ್ನೆ ಬಂದು ಜೊತೇಲಿ ನಿಂತ್ಕೊ.” ಸೈಟಿನ ತಕರಾರೋ, ಬಡ್ಡಿ ವಸೂಲಿಯೋ, ಹತ್ತು ಹುಡುಗರು ಹಿಂದೆ ನಿಂತರೆ ಅಣ್ಣನ ಮಾತಿಗೆ ತೂಕ. ಸುಮ್ನೆ ನಿಲ್ಲುವುದರಲ್ಲಿ ಏನಿದೆ ಎಂದು ಹುಡುಗ ಅಂದುಕೊಳ್ಳುತ್ತಾನೆ. ಕಾನೂನು ಹಾಗೆ ಅಂದುಕೊಳ್ಳುವುದಿಲ್ಲ. ಐದು ಅಥವಾ ಹೆಚ್ಚು ಜನ ಒಂದು ಕೆಟ್ಟ ಉದ್ದೇಶಕ್ಕೆ ಸೇರಿದರೆ ಅದು ಅಕ್ರಮ ಕೂಟ. ಆ ಉದ್ದೇಶಕ್ಕಾಗಿ ಒಬ್ಬ ಕೈ ಎತ್ತಿದರೂ ಕೂಟದಲ್ಲಿದ್ದ ಎಲ್ಲರೂ ಆರೋಪಿಗಳಾಗಬಹುದು. ಹಳೆಯ ದಂಡಸಂಹಿತೆಯ 149ನೇ ಕಲಮು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 190ನೇ ಕಲಮು ಹೇಳುವುದು ಇದನ್ನೇ. ‘ಸುಮ್ನೆ ನಿಂತ’ ಹುಡುಗನ ಹೆಸರು ಎಫ್‌ಐಆರಿನಲ್ಲಿ ಬರುವುದು ಹೀಗೆ. ಇದನ್ನು ನಾನು ಪ್ರತಿ ವರ್ಷ ಹತ್ತನೇ ಕ್ಲಾಸಿನ ಬೋರ್ಡಿನ ಮೇಲೆ ಬರೆಯುತ್ತೇನೆ. ಪಠ್ಯದಲ್ಲಿಲ್ಲ, ಆದರೂ ಬರೆಯುತ್ತೇನೆ.

ಇನ್ನೊಂದು ಕಾನೂನೂ ಇದೆ, ಅದನ್ನು ಯಾರೂ ನೆನಪಿಸುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 83ನೇ ಕಲಮಿನ ಪ್ರಕಾರ 18 ತುಂಬದ ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸಿಕೊಳ್ಳುವ ದೊಡ್ಡವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಜೊತೆಗೆ ಐದು ಲಕ್ಷ ರೂಪಾಯಿ ದಂಡ. ನಮ್ಮ ಬೈಗುಳವೆಲ್ಲ ಸಾಲಿನ ನಾಲ್ಕನೇ ಮುಖಕ್ಕೆ ಹೋಗುತ್ತದೆ. ನಡುವೆ ಕೈಮುಗಿದು ನಿಂತವನನ್ನು ಕೇಳುವವರಿಲ್ಲ.

ಈಗ ನನಗೆ ಸಮಾಧಾನ ಕೊಟ್ಟ ಒಂದು ಸಂಗತಿ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ 1988ರಿಂದ ಸಾವಿರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದರು. ಗ್ಯಾಂಗಿಗೆ ಸೇರಿದ ಗಂಡುಹುಡುಗರಲ್ಲಿ ಸುಮಾರು ಅರ್ಧದಷ್ಟು ಜನ ಒಂದೇ ವರ್ಷದೊಳಗೆ ಹೊರಗೆ ಬಂದಿದ್ದರು. ಗ್ಯಾಂಗಿನಲ್ಲಿದ್ದಾಗ ಅವರ ತಪ್ಪುಗಳು ಏರಿದವು, ಬಿಟ್ಟ ಮೇಲೆ ಇಳಿದವು. ಅಂದರೆ ಅಂಥವರಿಗೆ ಅದು ಬಂದು ಹೋಗುವ ಜ್ವರ. ಆ ಒಂದು ವರ್ಷದಲ್ಲಿ ಹುಡುಗ ಸಾಯದಂತೆ, ಸಾಯಿಸದಂತೆ ನೋಡಿಕೊಂಡು, ವಾಪಸು ಬರಲು ಒಂದು ಬಾಗಿಲು ತೆರೆದಿಡಬೇಕು. ನಾವು ಮಾಡುವುದು ತದ್ವಿರುದ್ಧ. ಊರು ‘ರೌಡಿ’ ಎಂದು ಹೆಸರಿಡುತ್ತದೆ. ಕೆಲಸ ಕೇಳಿದರೆ ಇಲ್ಲ ಎನ್ನುತ್ತದೆ, ಮದುವೆಗೆ ಹೆಣ್ಣು ಕೇಳಿದರೂ ಇಲ್ಲ ಎನ್ನುತ್ತದೆ. ಬಿಟ್ಟು ಬರುತ್ತೇನೆ ಎಂದವನಿಗೆ ಬರಲು ಜಾಗವಾದರೂ ಎಲ್ಲಿದೆ?

ನಾನೂ ಒಂದು ತಪ್ಪು ಮಾಡಿದ್ದೇನೆ. ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ನಾಲ್ವರು ಸೈಕಲ್ ಚೈನಿನಲ್ಲಿ ಇನ್ನೊಬ್ಬನಿಗೆ ಹೊಡೆದಿದ್ದರು. ಹೆದರಿಸಿದರೆ ಸರಿಹೋಗುತ್ತಾರೆ ಅಂದುಕೊಂಡೆ. ಪರಿಚಯದ ಪೊಲೀಸರೊಬ್ಬರನ್ನು ಕೇಳಿಕೊಂಡು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಲಾಕಪ್ ತೋರಿಸಿದೆ. ಇಬ್ಬರು ಅತ್ತರು. ಕೆಲಸ ಆಯಿತು ಎಂದು ನೆಮ್ಮದಿಯಾಗಿ ಮನೆಗೆ ಬಂದೆ. ಮರುದಿನ ನೀರಿನ ನಲ್ಲಿ ಹತ್ತಿರ ಅದೇ ಇಬ್ಬರ ಸುತ್ತ ಇಡೀ ಕ್ಲಾಸು ನಿಂತಿತ್ತು. ಲಾಕಪ್ಪಿನ ಗೋಡೆ ಹೇಗಿತ್ತು, ಒಳಗಿದ್ದವನು ಏನಂದ, ಎಲ್ಲ ಕಥೆಯಾಗಿತ್ತು. ಸುತ್ತ ನಗು. ಅಲ್ಲಿಯವರೆಗೆ ಇಲ್ಲದ ‘ಹವಾ’ವನ್ನು ನಾನೇ ಅವರಿಗೆ ಕೈಯಾರೆ ಕೊಟ್ಟಿದ್ದೆ.

ಇದು ನನ್ನೊಬ್ಬನ ಅನುಭವ ಅಲ್ಲ ಎಂದು ಆಮೇಲೆ ತಿಳಿಯಿತು. ಅಮೆರಿಕದಲ್ಲಿ 1970ರ ದಶಕದಿಂದ ಮಕ್ಕಳನ್ನು ಜೈಲಿಗೆ ಕರೆದೊಯ್ದು, ಜೀವಾವಧಿ ಕೈದಿಗಳಿಂದ ಬೆದರಿಸುವ ಕಾರ್ಯಕ್ರಮಗಳು ನಡೆದವು. ಹೋದವರನ್ನೂ ಹೋಗದವರನ್ನೂ ಹೋಲಿಸಿ ನೋಡಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದರೆ, ಹೋದ ಮಕ್ಕಳೇ ಮುಂದೆ ಹೆಚ್ಚು ತಪ್ಪು ಮಾಡಿದ್ದರು. ಒರೆಗಾನ್‌ನಲ್ಲಿ ಥಾಮಸ್ ಡಿಶಿಯನ್ ಎಂಬ ಸಂಶೋಧಕರು 13-14ರ ಹುಡುಗರನ್ನು ಅವರವರ ಗೆಳೆಯರ ಜೊತೆ ಮಾತಿಗೆ ಕೂರಿಸಿ ವಿಡಿಯೋ ಮಾಡಿದರು. ಯಾವ ಮಾತಿಗೆ ಗೆಳೆಯ ನಗುತ್ತಾನೆ ಎಂದು ಲೆಕ್ಕ ಹಾಕಿದರು. ತಪ್ಪು ಕೆಲಸದ ಮಾತಿಗೆ ನಗು ಸಿಕ್ಕ ಜೋಡಿಗಳು ಮುಂದೆ ಹೆಚ್ಚು ತಪ್ಪಿನ ದಾರಿ ಹಿಡಿದವು. ನಗುವೇ ಬಹುಮಾನ. ನಮ್ಮ ನೀರಿನ ನಲ್ಲಿಯ ಹತ್ತಿರ ಆದದ್ದೂ ಅದೇ.

ಒಳ್ಳೆಯ ಮನಸ್ಸಿನ ಕೆಲಸವೂ ಹೀಗೆ ಕೆಡಬಹುದು. ಬಾಸ್ಟನ್ ಹತ್ತಿರ 1939ರಲ್ಲಿ 506 ಹುಡುಗರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ವರ್ಷಗಳ ಕಾಲ ಸಲಹೆ, ಪಾಠ, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಮೂವತ್ತು ವರ್ಷದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಅವರನ್ನು ಹುಡುಕಿ ನೋಡಿದಾಗ ಸಹಾಯ ಪಡೆದವರ ಬದುಕೇ ಹೆಚ್ಚು ಕೆಟ್ಟಿತ್ತು. ಅದರಲ್ಲೂ ಶಿಬಿರಕ್ಕೆ ಮತ್ತೆ ಮತ್ತೆ ಹೋದವರದು. ತೊಂದರೆಯ ಹುಡುಗರನ್ನಷ್ಟೇ ಆರಿಸಿ ಒಂದೆಡೆ ಗುಡ್ಡೆ ಹಾಕಬಾರದು ಎಂಬುದು ಇದರಿಂದ ನಾನು ಕಲಿತ ಪಾಠ. ನಮ್ಮ ಶಾಲೆಗಳು ಹಿಂದುಳಿದವರಿಗೆಂದು ಪ್ರತ್ಯೇಕ ಸೆಕ್ಷನ್ ಮಾಡುವಾಗಲೂ ಇದು ನೆನಪಿರಬೇಕು.

ಹಾಗಾದರೆ ಯಾವುದು ಫಲ ಕೊಟ್ಟಿದೆ? ಶಿಕಾಗೋದ ಶಾಲೆಗಳಲ್ಲಿ ನಡೆಯುವ ಒಂದು ಪಾಠ ನನಗೆ ಬಹಳ ಇಷ್ಟ. ಇಬ್ಬರು ಹುಡುಗರು ಎದುರುಬದುರು. ಒಬ್ಬನ ಮುಷ್ಟಿಯಲ್ಲಿ ಒಂದು ಚೆಂಡು. “ಮೂವತ್ತು ಸೆಕೆಂಡಿನಲ್ಲಿ ಅದನ್ನು ತೆಗೆದುಕೋ” ಎಂದು ಇನ್ನೊಬ್ಬನಿಗೆ ಹೇಳುತ್ತಾರೆ. ಎಳೆದಾಟ, ತಿರುಚಾಟ, ನೆಲಕ್ಕೆ ಬೀಳುವುದು. ಮುಗಿದ ಮೇಲೆ ಮೇಷ್ಟ್ರು ಕೇಳುತ್ತಾರೆ: ಯಾಕೆ ಯಾರೂ ಬಾಯಿಬಿಟ್ಟು ಕೇಳಲಿಲ್ಲ? ಕೇಳಿದ್ದರೆ ಕೊಡುತ್ತಿದ್ದೆಯಾ ಎಂದು ಎದುರಿನವನನ್ನು ವಿಚಾರಿಸಿದರೆ, “ಕೊಡ್ತಿದ್ದೆ, ಬರೀ ಒಂದು ಚೆಂಡು ತಾನೇ” ಎನ್ನುವವರೇ ಹೆಚ್ಚು. ಒಂದು ಕ್ಷಣ ನಿಂತು ನೋಡುವುದನ್ನು ಹೀಗೆ ವಾರವಾರ ಕಲಿಸುತ್ತಾರೆ. ಕಾರ್ಯಕ್ರಮ ನಡೆಯುವಷ್ಟು ಕಾಲ ಹಿಂಸೆಯ ಕೇಸಿನಲ್ಲಿ ಬಂಧನ ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮ ಕ್ಲಾಸಿನಲ್ಲಿ ಚೆಂಡಿನ ಬದಲು ಸೀಮೆಸುಣ್ಣ ಕೊಟ್ಟು ಆಡಿಸಿದೆ. ಸೀಮೆಸುಣ್ಣ ಪುಡಿಪುಡಿ ಆಯಿತು. ಕೇಳಿದವನು ಒಬ್ಬನೂ ಇರಲಿಲ್ಲ.

ಅದೇ ಶಿಕಾಗೋದಲ್ಲಿ 2012ರ ಬೇಸಿಗೆಯಲ್ಲಿ, ಹಿಂಸೆ ಜಾಸ್ತಿ ಇರುವ ಕಡೆಯ ಶಾಲೆಗಳ ಮಕ್ಕಳಿಗೆ ಎಂಟು ವಾರ ಸಂಬಳದ ಕೆಲಸ ಕೊಟ್ಟರು. ಜೊತೆಗೆ ಕೈಹಿಡಿದು ನಡೆಸುವ ಒಬ್ಬ ದೊಡ್ಡವರು. ಮುಂದಿನ 16 ತಿಂಗಳಲ್ಲಿ ಹಿಂಸೆಯ ಕೇಸಿನಲ್ಲಿ ಬಂಧನ 43% ಕಡಿಮೆಯಾಯಿತು. ಹೆಚ್ಚಿನ ಇಳಿಕೆ ಕಂಡದ್ದು ಕೆಲಸ ಮುಗಿದ ಮೇಲೆ. ಹುಡುಗರಿಗೆ ಬರೀ ಹೊತ್ತು ಹೋಗುವ ದಾರಿ ಸಿಕ್ಕಿದ್ದರೆ ಹಾಗಾಗುತ್ತಿರಲಿಲ್ಲ ಅಲ್ವಾ?

ಇನ್ನು ನೆರೆಹೊರೆ. ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಶಿಕಾಗೋದ 343 ಬಡಾವಣೆಗಳ 8,782 ಜನರನ್ನು ಮಾತಾಡಿಸಿ 1997ರಲ್ಲಿ ಬರೆದರು. ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದು: ಮಕ್ಕಳು ಶಾಲೆ ತಪ್ಪಿಸಿ ರಸ್ತೆ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ಅಕ್ಕಪಕ್ಕದವರು ಏನಾದರೂ ಹೇಳುತ್ತಾರಾ? ಹೇಳುತ್ತಾರೆ ಎಂಬ ನಂಬಿಕೆ ಇದ್ದ ಬಡಾವಣೆಗಳಲ್ಲಿ ಹಿಂಸೆ ಕಡಿಮೆ ಇತ್ತು. ಬಡತನ ಒಂದೇ ಮಟ್ಟದಲ್ಲಿದ್ದರೂ ಈ ವ್ಯತ್ಯಾಸ ಇತ್ತು. ಇದನ್ನು ಓದಿದಾಗ ನನಗೆ ಕೇಳಿಸಿದ್ದು ನಮ್ಮ ಹಳ್ಳಿಯ ಅರಳಿಕಟ್ಟೆಯ ಮಾತು: “ಯಾರ್ ಮಗನ್ಲಾ ನೀನು?” ಚಿಕ್ಕವನಿದ್ದಾಗ ಆ ಪ್ರಶ್ನೆಗೆ ನಾನು ನಡುಗುತ್ತಿದ್ದೆ. ಹೆದರಿಕೆಯ ಜೊತೆಗೆ ಇನ್ನೂ ಒಂದು ಇತ್ತು. ನಾನು ಯಾರ ಮಗ ಎಂದು ತಿಳಿದುಕೊಳ್ಳಲು ಊರಿಗೆ ಮನಸ್ಸಿತ್ತು. ಹೊಸ ಬಡಾವಣೆಗಳಲ್ಲಿ ಈಗ ಯಾರೂ ಕೇಳುವುದಿಲ್ಲ. “ನಿಂಗ್ಯಾಕ್ ಬೇಕು?” ಎಂದರೆ ಏನು ಗತಿ ಎಂಬ ಭಯ. ಒಬ್ಬರೇ ಕೇಳಲು ಕಷ್ಟ, ನಿಜ. ಬೀದಿಯ ನಾಲ್ಕು ಮನೆಯವರು ಮಾತಾಡಿಕೊಂಡು ಕೇಳಿದರೆ ಅಷ್ಟು ಕಷ್ಟವಿಲ್ಲ.

ಮೈಸೂರಿನ ಹಳೆಯ ಮೊಹಲ್ಲಾಗಳ ಗರಡಿಮನೆಗಳನ್ನು ನೋಡಿದಾಗಲೂ ನನಗೆ ಇದೇ ಹೊಳೆಯುತ್ತದೆ. ಬೆಳಗಿನ ಜಾವ ಮಟ್ಟಿಯಲ್ಲಿ ಹತ್ತು ವರ್ಷದವನೂ ಇರುತ್ತಾನೆ, ಐವತ್ತರ ಪೈಲ್ವಾನರೂ ಇರುತ್ತಾರೆ. ಎಲ್ಲ ವಯಸ್ಸೂ ಬೆರೆತ ಜಾಗ. ಶಕ್ತಿ ತೋರಿಸಬಹುದು, ಆದರೆ ಉಸ್ತಾದರ ಕಣ್ಣಳತೆಯಲ್ಲಿ. ಗೆದ್ದವನಿಗೆ ದಸರಾ ಕುಸ್ತಿಯಲ್ಲಿ ಊರೆದುರು ಹೆಸರು ಸಿಗುತ್ತದೆ. ಉಸ್ತಾದ್ ಸರಿಯಿಲ್ಲದಿದ್ದರೆ ಅದೇ ತೋಳು ಬಾಡಿಗೆಗೂ ಹೋಗಬಹುದು, ಅದನ್ನು ಮುಚ್ಚಿಡಬೇಕಾಗಿಲ್ಲ. ಕಬಡ್ಡಿ ತಂಡ, ಡೊಳ್ಳು ತಂಡ, ಗ್ಯಾರೇಜು, ಯಾವುದಾದರೂ ಆಗಬಹುದು. ಅಲ್ಲಿ ಒಬ್ಬ ಒಳ್ಳೆಯ ದೊಡ್ಡವರಿರಬೇಕು, ಮತ್ತು ಅವರು ನಾಳೆಯೂ ಬರಬೇಕು.

ಫ್ಲೆಕ್ಸಿನ ಹುಡುಗನ ಮನೆಗೆ ಹೋಗಿದ್ದೆ. ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಟ್ರ್ಯಾಕ್ಟರ್ ರಿಪೇರಿ ಶೆಡ್ ಇಟ್ಟಿದ್ದಾನೆ, ಅವನಿಗೆ ಒಬ್ಬ ಹುಡುಗ ಬೇಕಿತ್ತು. ಇವನಿಗೆ ಹದಿನೆಂಟು ತುಂಬಿತ್ತು. ಹುಡುಗ ಮನೆಯಲ್ಲಿರಲಿಲ್ಲ. ತಾಯಿ ಟೀ ಕಾಯಿಸಿ ಕೊಟ್ಟರು. “ಬಂದ್ರೆ ಕಳುಸ್ತೀನಿ ಮೇಷ್ಟ್ರೇ, ನೀವೇ ಒಂದ್ ಮಾತು ಹೇಳಿ” ಎಂದರು. ಹಿತ್ತಲಿನಲ್ಲಿ ಹುಲ್ಲಿನ ಮೆದೆಯ ಮೇಲೆ ಮಳೆಗೆಂದು ಒಂದು ಹಳೆಯ ಫ್ಲೆಕ್ಸ್ ಹೊದಿಸಿ ಕಲ್ಲು ಹೇರಿದ್ದರು. ಅಣ್ಣನ ಮುಖ ಆಚೆ ಬದಿಗೆ ಮಡಚಿಹೋಗಿತ್ತು. ಈಚೆ ಕಾಣುತ್ತಿದ್ದದ್ದು ಚಿಕ್ಕ ಮುಖಗಳ ಸಾಲು. ನಾನು ನೋಡುವುದನ್ನು ಅವರು ಗಮನಿಸಿದರು.

“ನಮ್ ಹುಡ್ಗಂದು ಇಷ್ಟ್ ಚೆಂದದ್ ಫೋಟೋ ಬ್ಯಾರೆ ಇಲ್ಲ ಮೇಷ್ಟ್ರೇ,” ಎಂದರು. “ಅದ್ಕೇ ಮೊಕ ಮೇಲ್ ಬರಂಗೆ ಹೊದಿಸಿವ್ನಿ.”