‘ಎಣೆ’ಗೂ ಎಣಿಕೆಗೂ ನಂಟಿಲ್ಲ

‘ಜಾತ್ರೆಗೆ ಎಣೆಯಿಲ್ಲದಷ್ಟು ಜನ ಸೇರಿದ್ದರು.’ ಈ ವಾರ ಇಂಥ ಸಾಲು ಕಣ್ಣಿಗೆ ಬಿದ್ದದ್ದು ಇದು ಮೂರನೇ ಸಲ. ಬರೆದವರ ಮನಸ್ಸಿನಲ್ಲಿದ್ದದ್ದು ‘ಎಣಿಸಲಾಗದಷ್ಟು’. ಹಾಗಾದರೆ ಹಾಗೇ ಬರೆಯಬಹುದಲ್ವಾ?

ಎಣೆ ಅಂದರೆ ಜೋಡಿ. ಸುಮ್ನೆ ಎರಡಲ್ಲ, ಒಂದಕ್ಕೊಂದು ಹೊಂದುವ ಎರಡು. ಸಾಟಿ, ಸಮ ಎಂಬ ಅರ್ಥ ಬಂದದ್ದೂ ಅಲ್ಲಿಂದಲೇ. ‘ಅವಳ ಸಂತೋಷಕ್ಕೆ ಎಣೆಯೇ ಇಲ್ಲ’ ಅಂದರೆ, ಆ ಸಂತೋಷದ ಪಕ್ಕಕ್ಕೆ ಜೊತೆಯಾಗಿ ನಿಲ್ಲಿಸಲು ಇನ್ನೊಂದು ಸಿಗದು ಎಂದು. ಲೆಕ್ಕಕ್ಕೆ ಸಿಗದು ಎಂದಲ್ಲ. ಪದ ಇವತ್ತು ಉಳಿದಿರುವುದೇ ಹೆಚ್ಚಾಗಿ ಈ ‘ಇಲ್ಲ’ದ ಜೊತೆ. ಅಲ್ಲಿ ಎರಡು ಅರ್ಥವೂ ಹೊಂದಿದಂತೆ ಕಾಣುತ್ತದೆ, ಅದಕ್ಕೇ ತಪ್ಪು ಗೊತ್ತಾಗುವುದಿಲ್ಲ.

ತಮಿಳಿನಲ್ಲಿ ಈ ಗೊಂದಲಕ್ಕೆ ಜಾಗವೇ ಇಲ್ಲ. ಜೋಡಿಗೆ ‘ಇಣೈ’, ಎಣಿಸುವುದಕ್ಕೆ ‘ಎಣ್ಣು’. ಮೊದಲ ಅಕ್ಷರವೇ ಬೇರೆ. ಕನ್ನಡದಲ್ಲಿ ಇಂಥ ಪದಗಳ ಮೊದಲ ಇಕಾರ ಎಕಾರವಾಯಿತು. ಅವರ ಇಲೈ ನಮ್ಮ ಎಲೆ, ಅವರ ವಿಲೈ ನಮ್ಮ ಬೆಲೆ. ಹಾಗೆಯೇ ಇಣೈ ನಮ್ಮಲ್ಲಿ ಎಣೆ. ಎಣಿಸು, ಎಣಿಕೆಗಳಲ್ಲಿ ಮೊದಲಿಂದಲೂ ಇದ್ದದ್ದು ಎಕಾರ. ಬೇರೆ ಬೇರೆ ಮನೆಯ ಎರಡು ಪದಗಳು ನಮ್ಮಲ್ಲಿ ಒಂದೇ ಮುಖ ಹೊತ್ತು ಕೂತವು. ಮಲಯಾಳದಲ್ಲಿ ಇಣ ಅಂದರೆ ಈಗಲೂ ಸಂಗಾತಿ. ತಮಿಳರು ಇಂಟರ್ನೆಟ್ಟಿಗೆ ‘ಇಣೈಯಂ’ ಎಂದು ಹೆಸರಿಟ್ಟದ್ದೂ ಇದೇ ಬೇರಿನಿಂದ. ನಾವು ಇದೇ ಪದವನ್ನು ಲೆಕ್ಕದ ಪುಸ್ತಕಕ್ಕೆ ತಳ್ಳುತ್ತಿದ್ದೇವೆ!

‘ಹೆಣೆ’ ಕೂಡ ಇದರದೇ ರೂಪ ಎನ್ನುವವರಿದ್ದಾರೆ. ಅಲ್ಲ. ಅದು ಹಳಗನ್ನಡದ ಪೆಣೆ, ತಮಿಳಿನ ಪಿಣೈ. ಪಾಲು ಹಾಲಾದಂತೆ ಪೆಣೆ ಹೆಣೆ ಆಯಿತು.

ಎಣೆಯ ನಿಜವಾದ ಅರ್ಥ ನೋಡಬೇಕಾದರೆ ಹಳಗನ್ನಡದ ‘ಎಣೆವಕ್ಕಿ’ಯನ್ನು ನೋಡಿ. ಎಣೆ, ಪಕ್ಕಿ ಸೇರಿ ಎಣೆವಕ್ಕಿ, ಅಂದರೆ ಜೋಡಿಹಕ್ಕಿ. ಚಕ್ರವಾಕಕ್ಕೆ, ನಮ್ಮ ಜಕ್ಕವಕ್ಕಿಗೆ, ಇನ್ನೊಂದು ಹೆಸರು. ಲಡಾಖ್ ಕಡೆ ಮರಿ ಮಾಡಿ ಚಳಿಗಾಲಕ್ಕೆ ಕೆಳಗಿಳಿಯುವ ಕೇಸರಿ ಬಣ್ಣದ ಬಾತು ಅದು. ಕಾವ್ಯಗಳಲ್ಲಿ ಈ ಜೋಡಿ ಹಗಲೆಲ್ಲ ಜೊತೆಗಿದ್ದು ರಾತ್ರಿ ಅಗಲುತ್ತದೆ. ಒಂದು ಈ ದಡದಲ್ಲಿ, ಇನ್ನೊಂದು ಆ ದಡದಲ್ಲಿ. ಬೆಳಗಾಗುವವರೆಗೂ ಒಂದನ್ನೊಂದು ಕೂಗುತ್ತಿರುತ್ತವೆ.